ಸಿಲೋಸೊ ಕೋಟೆ

ಸಿಂಗಪುರದ ಸೆಂಟೋಸಾ ದ್ವೀಪದ ಪಶ್ಚಿಮ ತುದಿಯಲ್ಲಿರುವ ಕರಾವಳಿ ಫಿರಂಗಿ ಕೋಟೆ. ಕೆಪೆಲ್ ಬಂದರಿಗೆ ಬರುವ ಹಡಗುದಾರಿಯನ್ನು ಕಾಯಲು ಬ್ರಿಟಿಷರು ಕಟ್ಟಿಸಿದ್ದು, ಈಗ ವಸ್ತುಸಂಗ್ರಹಾಲಯ.

1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಉಗಿಹಡಗುಗಳ ಓಡಾಟ ಹೆಚ್ಚಿ ಸಿಂಗಪುರದ ಕಲ್ಲಿದ್ದಲ ದಾಸ್ತಾನಿಗೆ ಬೆಲೆ ಬಂತು, ಅದನ್ನು ಕಾಯುವ ಚಿಂತೆಯೂ ಹತ್ತಿಕೊಂಡಿತು. 1870ರ ದಶಕದ ಕೊನೆಗೆ ಸಿಲೋಸೊ ಗುಡ್ಡದ ನೆತ್ತಿಯನ್ನು ಮಟ್ಟಮಾಡಿ ತೋಪುಕಟ್ಟೆಗಳನ್ನು ಎಬ್ಬಿಸಿದರು. ದ್ವೀಪಕ್ಕೆ ಆಗ ಪುಲಾವ್ ಬ್ಲಕಾಂಗ್ ಮಾಟಿ ಎಂದು ಹೆಸರು. ಮೊದಲಿನವು ಬಾಯಿಯಿಂದ ಮದ್ದು ತುಂಬುವ 7 ಅಂಗುಲದ ತೋಪುಗಳು. ಎರಡನೇ ಮಹಾಯುದ್ಧದ ಹೊತ್ತಿಗೆ 6 ಅಂಗುಲದ ಫಿರಂಗಿಗಳು ಬಂದಿದ್ದವು. ನುಸುಳುವ ಟಾರ್ಪಿಡೊ ದೋಣಿಗಳನ್ನು ಹೊಡೆಯಲೆಂದೇ ಜೋಡಿ ನಳಿಗೆಯ ತೋಪೂ ಸರ್ಚ್‌ಲೈಟುಗಳೂ ಇದ್ದವು. ಸಿಂಗಪುರದ ಕರಾವಳಿ ಫಿರಂಗಿ ದಳದಲ್ಲಿ ಭಾರತದಿಂದ ಭರ್ತಿಯಾದ ಸಿಖ್ಖರೂ ಪಂಜಾಬಿ ಮುಸ್ಲಿಮರೂ ದುಡಿದರು.

ಸಿಂಗಪುರದ ತೋಪುಗಳೆಲ್ಲ ಸಮುದ್ರ ನೋಡುತ್ತ ಕೂತಿದ್ದವು, ಜಪಾನೀಯರು ಹಿತ್ತಿಲ ಬಾಗಿಲಿನಿಂದ ನುಗ್ಗಿದರು ಎಂಬ ಮಾತು ಇಂದಿಗೂ ಓಡುತ್ತಿದೆ. ಸಿಲೋಸೊ ಮಟ್ಟಿಗಂತೂ ಇದು ನಿಜವಲ್ಲ. 1942ರ ಫೆಬ್ರವರಿಯಲ್ಲಿ ಇಲ್ಲಿಯ ಫಿರಂಗಿಗಳನ್ನು ನೆಲದತ್ತ ತಿರುಗಿಸಿ, ತೆಂಗಾ ವಿಮಾನನೆಲೆಯ ಕಡೆಯಿಂದ ಬರುತ್ತಿದ್ದ ಜಪಾನಿ ಪಡೆಗಳ ಮೇಲೆ ಹಾರಿಸಲಾಯಿತು. ತೊಡಕಿದ್ದದ್ದು ಗುಂಡಿನಲ್ಲಿ. ಕರಾವಳಿ ತೋಪುಗಳ ದಾಸ್ತಾನಿನ ಬಹುಪಾಲು ಹಡಗಿನ ಉಕ್ಕಿನ ಕವಚವನ್ನು ಕೊರೆಯುವ ಗುಂಡು. ಮೆತ್ತನೆ ಮಣ್ಣಿಗೆ ಬಿದ್ದರೆ ಆಳಕ್ಕೆ ಹೂತುಹೋಗುವಂಥದ್ದು. ಕಾಲಾಳುಗಳನ್ನು ಚೆದುರಿಸಬೇಕಾದ ಸಿಡಿಗುಂಡು ಸಾಲದಾಗಿತ್ತು. ಫೆಬ್ರವರಿ 15ರಂದು ಸಿಂಗಪುರ ಶರಣಾಯಿತು. ಕೋಟೆಯಿದ್ದ ದ್ವೀಪ ಯುದ್ಧಕೈದಿಗಳ ಶಿಬಿರವಾಯಿತು.

1960ರ ದಶಕದ ಕೊನೆಗೆ ಬ್ರಿಟಿಷರು ದ್ವೀಪವನ್ನು ಬಿಟ್ಟುಕೊಟ್ಟರು. ಅದನ್ನು ವಿಹಾರತಾಣವಾಗಿಸಿ ಸೆಂಟೋಸಾ ಎಂದು ಹೆಸರಿಟ್ಟದ್ದು, ಕೋಟೆಯನ್ನು ದುರಸ್ತಿಮಾಡಿ ಜನರಿಗೆ ತೆರೆದದ್ದು 1970ರ ದಶಕದಲ್ಲಿ. ಗುಡ್ಡದೊಳಗಿನ ಮದ್ದಿನ ಕೋಣೆಗಳನ್ನೂ ಸುರಂಗಗಳನ್ನೂ ಒಳಹೊಕ್ಕು ನೋಡಬಹುದು. ಪ್ರದರ್ಶನದ ತೋಪುಗಳಲ್ಲಿ 17ನೇ ಶತಮಾನದವೂ ಇವೆ, ಅಂದರೆ ಕೋಟೆಗಿಂತ ಹಳೆಯವು. ಶರಣಾದ ಬ್ರಿಟಿಷ್ ಸೇನಾಪತಿ ಪರ್ಸಿವಲ್, ಜಪಾನಿ ಸೇನಾಪತಿ ಯಮಾಶಿತ ಎದುರುಬದುರು ಕುಳಿತ ಮೇಣದ ಬೊಂಬೆಗಳ ಮುಂದೆ ಜನ ಹೆಚ್ಚು ಹೊತ್ತು ನಿಲ್ಲುತ್ತಾರೆ, ಆದರೆ ಆ ಶರಣಾಗತಿ ನಡೆದದ್ದು ಇಲ್ಲಲ್ಲ, ಬುಕಿಟ್ ತಿಮಾದ ಫೋರ್ಡ್ ಕಾರ್ಖಾನೆಯಲ್ಲಿ. 2015ರಿಂದ ಮರಗಳ ತಲೆಯ ಮೇಲೆ ಹಾಯುವ 181 ಮೀಟರ್ ಉದ್ದದ ಕಾಲುಸೇತುವೆಯಿಂದಲೂ ಕೋಟೆಗೆ ಹೋಗಬಹುದು. 2022ರ ಫೆಬ್ರವರಿ 15ರಂದು, ಸಿಂಗಪುರ ಪತನದ 80ನೇ ವರ್ಷಕ್ಕೆ, ಸರ್ಕಾರ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು.