ಮುಳ್ಳಿಲಿಯ ನಾಮಲಕ್ಷಣವಿಚಾರ

ಒಂದು ವಸ್ತುವಿಗೆ ಹೇಳುವ ಲಕ್ಷಣವು ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳಿಲ್ಲದಿರಬೇಕೆಂಬುದು ತಾರ್ಕಿಕರ ಮತ. ಕೊಂಬುಳ್ಳುದೇ ಗೋವೆಂದರೆ ಆ ಲಕ್ಷಣವು ಎಮ್ಮೆಗೂ ಸಲ್ಲುವುದು. ಕಪಿಲವರ್ಣವುಳ್ಳುದೇ ಗೋವೆಂದರೆ ಬಿಳಿಯ ಗೋವಿಗೆ ಸಲ್ಲದು. ಈ ವಿಚಾರವು ಪಾಠಶಾಲೆಯ ವಾದಕ್ಕೆ ಮಾತ್ರ ಮೀಸಲಾದುದಲ್ಲ. ಸಹ್ಯಾದ್ರಿಯ ಒಂದು ಸಣ್ಣ ಕಾಡಿಲಿಯ ವಿಷಯದಲ್ಲಿ ಪ್ರಾಣಿಶಾಸ್ತ್ರಜ್ಞರು ಒಂದು ಶತಮಾನಕ್ಕೂ ಮಿಗಿಲಾಗಿ ಇದನ್ನೇ ಚರ್ಚಿಸಿರುವರು. ಆ ಚರಿತ್ರೆಯನ್ನು ಸಂಗ್ರಹಿಸಿ, ಆ ಪ್ರಾಣಿಗೆ ಕನ್ನಡದಲ್ಲಿ ಯಾವ ಹೆಸರು ಯುಕ್ತವೆಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಈ ಇಲಿಯ ತಲೆ ಮತ್ತು ಮೈ ಕೂಡಿ ಸುಮಾರು ೧೩-೧೪ ಸೆಂಟಿಮೀಟರು ಉದ್ದವಿರುವುದು. ಬೆನ್ನಿನ ಮೃದುವಾದ ರೋಮಗಳ ನಡುವೆ ಚಪ್ಪಟೆಯಾದ ಮುಳ್ಳುಗಳುಂಟು. ಬಾಲದ ಬುಡವು ಬಹುಮಟ್ಟಿಗೆ ಬರಿದು. ತುದಿಯ ಕಡೆಗೆ ನೀಳವಾದ ಕೂದಲು ಕುಚ್ಚಿನಂತೆ ಹರಡಿ, ಕೊನೆಯು ಬಿಳುಪಾಗಿರುವುದು. ಇದು ರಾತ್ರಿಯಲ್ಲಿ ಸಂಚರಿಸುವ, ಮರಗಳ ಮೇಲೆ ಬಾಳುವ ಪ್ರಾಣಿ. ಮರದ ಪೊಟರೆಗಳೇ ಇದರ ಮನೆ. ಕರ್ಣಾಟಕ, ಕೇರಳ, ತಮಿಳುನಾಡುಗಳಿಗೆ ಸೇರಿದ ಪಶ್ಚಿಮಘಟ್ಟದ ಕಾಡುಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಇದು ಇಲ್ಲ. ಹಣ್ಣಾದ ಮೆಣಸನ್ನು ತಿನ್ನುವುದರಿಂದ ತೋಟಗಾರರು ಇದನ್ನು ಮೆಣಸಿನ ಇಲಿಯೆಂದೂ ಕರೆದರು.

ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಎಡ್ವರ್ಡ್ ಬ್ಲೈತನು ೧೮೫೯ರಲ್ಲಿ ಇದನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿ 'ಪ್ಲಾಟಕ್ಯಾಂತೊಮಿಸ್ ಲಾಸಿಯೂರಸ್' ಎಂಬ ಹೆಸರಿಟ್ಟನು. ಗ್ರೀಕ್ ಭಾಷೆಯ ಈ ಪದಗಳಿಗೆ 'ಚಪ್ಪಟೆಮುಳ್ಳಿನ ಇಲಿ, ರೋಮಭರಿತವಾದ ಬಾಲವುಳ್ಳುದು' ಎಂದು ಅರ್ಥ. ಮಾದರಿಯ ಸ್ಥಳವು ಕಡಲತೀರದ ಆಲೆಪ್ಪಿಯೆಂದು ಲಿಖಿತವಾಗಿದೆ. ಆದರೆ ಆ ಸೀಮೆಯಲ್ಲಿದ್ದ ಪಾದ್ರಿ ಬೇಕರನು ತಿರುವಾಂಕೂರಿನ ಕಲ್ಲುಬೆಟ್ಟಗಳಲ್ಲಿ ಇದು ಇರುವುದೆಂದೂ ಬಯಲಿನಲ್ಲಿ ತಾನು ಇದನ್ನು ಕಂಡಿಲ್ಲವೆಂದೂ ತಿಳಿಸಿದನು. ಪ್ರಾಣಿಯು ಬೆಟ್ಟದ್ದು, ದಾಖಲೆಯು ಬಂದರಿನದು!

ಇನ್ನು ಕುಲವಿಚಾರ. ಯೂರೋಪಿನಲ್ಲಿ ಚಳಿಗಾಲವನ್ನು ನಿದ್ರೆಯಲ್ಲಿ ಕಳೆಯುವ 'ಡಾರ್‌ಮೌಸ್' ಎಂಬ ಪ್ರಾಣಿಗಳುಂಟು, ಅವಕ್ಕೂ ಕುಚ್ಚುಬಾಲವಿರುವುದು. ಈ ಸಾದೃಶ್ಯದಿಂದಲೇ ನಮ್ಮ ಇಲಿಗೆ ಇಂಗ್ಲಿಷಿನಲ್ಲಿ 'ಮಲಬಾರ್ ಸ್ಪೈನಿ ಡಾರ್‌ಮೌಸ್' ಎಂಬ ಹೆಸರು ನಿಂತಿತು. ಆದರೆ ಬಾಯಿಯ ಸಾಕ್ಷ್ಯವು ಬಾಲದ ಸಾಕ್ಷ್ಯಕ್ಕೆ ವಿರುದ್ಧವಾಗಿದೆ. ಡಾರ್‌ಮೌಸಿಗೆ ಒಟ್ಟು ೨೦ ಹಲ್ಲುಗಳು. ಮನೆಯ ಇಲಿಯಂತೆ ಇದಕ್ಕೆ ೧೬ ಮಾತ್ರ. ೧೮೭೬ರಲ್ಲಿ ಆಲ್‌ಸ್ಟನನು ಇದಕ್ಕೆ ಪ್ರತ್ಯೇಕವಾದ ಉಪಕುಲವನ್ನು ಕಲ್ಪಿಸಿ ಇಲಿಗಳಲ್ಲಿಯೇ ಸೇರಿಸಿದನು. ೧೯೪೫ರಲ್ಲಿ ಸಿಂಪ್ಸನನು ಪ್ರತ್ಯೇಕ ಕುಲವೆಂದು ಒಪ್ಪಿಯೂ ಮರಳಿ ಡಾರ್‌ಮೌಸುಗಳ ಮಹಾಗಣಕ್ಕೆ ತಂದನು. ಚೀನಾ ಮತ್ತು ವಿಯೆಟ್ನಾಮಿನ ಕಾಡುಗಳಲ್ಲಿರುವ 'ಟಿಫ್ಲೊಮಿಸ್' ಎಂಬುದು ಇದರ ಹತ್ತಿರದ ದಾಯಾದಿ. ೨೦೦೯ರಲ್ಲಿ ಆ ದಾಯಾದಿಯ ಜೀನುಗಳ ಪರೀಕ್ಷೆಯು ಪ್ರಕಟವಾಗಲು ವಿವಾದವು ಬಗೆಹರಿಯಿತು: ಈ ಕುಲವು ಡಾರ್‌ಮೌಸುಗಳದಲ್ಲ, ಇಲಿಗಳ ಮಹಾವಂಶದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಶಾಖೆ. ಇದರ ಪುರಾತನ ಬಂಧುಗಳ ಶಿಲಾವಶೇಷಗಳು ಯೂರೋಪಿನ ಮಯೊಸೀನ್ ಸ್ತರಗಳಲ್ಲಿಯೂ ದೊರೆತಿರುವುವು. ಕುಚ್ಚುಬಾಲವೆಂಬುದು ಅತಿವ್ಯಾಪ್ತವಾದ ಲಕ್ಷಣವೆಂದು ಇದರಿಂದ ಸಿದ್ಧವಾಯಿತು.

ಈಗ ಹೆಸರಿನ ಪ್ರಶ್ನೆ. ಅಮರಕೋಶದ ಸಿಂಹಾದಿವರ್ಗದಲ್ಲಿ ಬರುವ 'ಆಖು' ಎಂಬುದು ಅಗೆಯುವುದೆಂಬ ಅರ್ಥದ್ದು, 'ಮೂಷಕ' ಎಂಬುದು ಕದಿಯುವುದೆಂಬ ಅರ್ಥದ್ದು. ಮರದ ಮೇಲೆ ಬಾಳುವ ಈ ಪ್ರಾಣಿಗೆ ಮೊದಲನೆಯದರ ಯೋಗಾರ್ಥವು ಹೊಂದದು. ಮೆಣಸಿನ ತೋಟದವರು ಎರಡನೆಯದನ್ನು ಒಪ್ಪಿಯಾರು. ಇಂಗ್ಲಿಷ್ ಹೆಸರನ್ನು ಮಕ್ಕಿಕಾಮಕ್ಕಿಯಾಗಿ ಭಾಷಾಂತರಿಸಿ 'ನಿದ್ರಾಮೂಷಕ'ವೆಂದರೆ ಪರರು ತಿದ್ದಿಕೊಂಡ ತಪ್ಪನ್ನು ನಾವು ಹೊಸದಾಗಿ ನಿಘಂಟಿಗೆ ತಂದಂತಾಗುವುದು. ಹಿಮಗಾಲವಿಲ್ಲದ ಸಹ್ಯಾದ್ರಿಗೆ ಆ ನಿದ್ರೆಯ ಹೆಸರು ಏತಕ್ಕೆ? ಮಲೆಯಾಳದ 'ಮುಳ್ಳೆಲಿ'ಯನ್ನು ಅನುಸರಿಸಿ 'ಮುಳ್ಳಿಲಿ' ಎನ್ನಬಹುದು. ಆದರೆ ೧೮೩೨ರಲ್ಲಿ ಬೆನೆಟ್ಟನು ವರ್ಣಿಸಿದ ದಖ್ಖಣದ 'ಮಸ್ ಪ್ಲಾಟಿತ್ರಿಕ್ಸ್' ಎಂಬ ನೆಲದ ಇಲಿಗೂ ಮುಳ್ಳುರೋಮಗಳುಂಟು; ಅದರ ಬಾಲಕ್ಕೆ ಕುಚ್ಚಿಲ್ಲ. ಚೀನಾದ ದಾಯಾದಿಗೆ ಕುಚ್ಚುಂಟು, ಮುಳ್ಳಿಲ್ಲ. ಆದುದರಿಂದ ಬಾಲವೊಂದೇ ಸಾಲದು, ಮುಳ್ಳೊಂದೇ ಸಾಲದು. ಎರಡೂ ಕೂಡಿದರೆ ನಮ್ಮ ದೇಶದ ಇಲಿಗಳಲ್ಲಿ ಲಕ್ಷಣವು ನಿರ್ದುಷ್ಟವಾಗುವುದು. 'ಕುಚ್ಚುಬಾಲದ ಮುಳ್ಳಿಲಿ' ಎಂಬುದೇ ಯುಕ್ತವಾದ ಹೆಸರು. ಬ್ಲೈತನ ಎರಡು ಪದಗಳು ಹೇಳಿದುದೂ ಇದನ್ನೇ.

ಹೆಸರಿನ ವಿಚಾರವು ವ್ಯರ್ಥವಾದ ಪಾಂಡಿತ್ಯವಲ್ಲ. ಅಂತರರಾಷ್ಟ್ರೀಯ ಪ್ರಕೃತಿಸಂರಕ್ಷಣಸಂಘವು ಈ ಪ್ರಾಣಿಯನ್ನು ಅಪಾಯಕ್ಕೊಳಗಾದವುಗಳ ಪಟ್ಟಿಯಲ್ಲಿ ಸೇರಿಸಿದೆ. ಪೊಟರೆಯುಳ್ಳ ಹಳೆಯ ಮರಗಳು ಬಿದ್ದರೆ ಇದಕ್ಕೆ ನೆಲೆಯಿಲ್ಲ. ಡಾರ್‌ಮೌಸುಗಳಲ್ಲಿ ಒಂದೆಂದು ಎಣಿಸಿದರೆ ಅಂತಹವು ಲೋಕದಲ್ಲಿ ಇನ್ನೂ ಹಲವಿವೆಯೆಂಬ ಭ್ರಾಂತಿ ಹುಟ್ಟುವುದು. ದಿಟವಾಗಿ, ಅತಿ ಪ್ರಾಚೀನವಾದ ಒಂದು ಶಾಖೆಯಲ್ಲಿ ಉಳಿದಿರುವುವು ಚೀನಾ-ವಿಯೆಟ್ನಾಮುಗಳ ದಾಯಾದಿಗಳೂ ಘಟ್ಟದ ಈ ಒಂದೇ ಒಂದು ಇಲಿಯೂ ಮಾತ್ರ. ಲಕ್ಷಣವನ್ನು ಸರಿಯಾಗಿ ಅರಿತವನಿಗೆ ಮಾತ್ರ ನಷ್ಟದ ಪರಿಮಾಣವು ತಿಳಿಯುವುದು.