ಚಿಕಾಗೋದ ಕಾಗದ, ಡೆಟ್ರಾಯಿಟಿನ ಗುಳಿಗೆ

ಡೆಟ್ರಾಯಿಟಿನಿಂದ ಚಿಕಾಗೋಗೆ ಐ-94ರಲ್ಲಿ ಹೊರಟರೆ ನಾಲ್ಕೂವರೆ ಗಂಟೆ ದಾರಿ. ಈ ಎರಡೂ ಊರುಗಳ ಕೋರ್ಟುಗಳನ್ನು ಒಂದು ಗುಳಿಗೆಯೂ ಜೋಡಿಸಿದೆ. ಅದರ ಹೆಸರು ಡೈಈಥೈಲ್‌ಸ್ಟಿಲ್ಬೆಸ್ಟ್ರಾಲ್. ನಾಲಿಗೆ ತೊಡರುತ್ತೆ, ಡಿಇಎಸ್ ಅಂತಲೇ ಕರೆಯೋಣ.

ಹೆಣ್ಣು ಭ್ರೂಣದಲ್ಲಿ ಮೊದಲಿರೋದು ಎರಡು ನಾಳಗಳು. ಅವು ಕೂಡಿ ಒಂದು ಗರ್ಭಕೋಶ ಆಗಬೇಕು. ಸರಿಯಾಗಿ ಕೂಡದಿದ್ದರೆ ಗರ್ಭಕೋಶ ಕವಲೊಡೆಯುತ್ತೆ, ಇಲ್ಲವೇ ನಡುವೆ ಗೋಡೆ ಉಳಿಯುತ್ತೆ. ಅವಳು ದೊಡ್ಡವಳಾದ ಮೇಲೆ ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ, ಇಂಥ ತೊಂದರೆಗಳು. ಹೆಚ್ಚಿನವರಲ್ಲಿ ಹೀಗೇಕಾಯ್ತು ಅಂತ ಹೇಳೋಕಾಗಲ್ಲ. ಆದರೆ ಒಂದು ಬಗೆಯ ಊನಕ್ಕೆ ಕಾರಣ ಗೊತ್ತು, ತಾಯಿ ನುಂಗಿದ ಡಿಇಎಸ್.

1938ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಈ ಕೃತಕ ಹಾರ್ಮೋನನ್ನು ಅಮೆರಿಕದಲ್ಲಿ ಗರ್ಭಪಾತ ತಡೆಯುತ್ತೆ ಅಂತ ಬಸುರಿಯರಿಗೆ ಕೊಡುತ್ತಿದ್ದರು. ನಿಜವಾ ಅಂತ ನೋಡಿದ್ದು ಚಿಕಾಗೋ ವಿಶ್ವವಿದ್ಯಾಲಯದ ಲೈಯಿಂಗ್-ಇನ್ ಆಸ್ಪತ್ರೆ. ಡಾ. ವಿಲಿಯಂ ಡೀಕ್‌ಮನ್ ತಂಡ ಸುಮಾರು 1,600 ಬಸುರಿಯರಲ್ಲಿ ಅರ್ಧದಷ್ಟು ಜನಕ್ಕೆ ಡಿಇಎಸ್, ಉಳಿದವರಿಗೆ ಹುಸಿಗುಳಿಗೆ ಕೊಟ್ಟಿತು. 1953ರಲ್ಲಿ ಫಲಿತಾಂಶ ಬಂತು: ಏನೂ ಉಪಯೋಗವಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು, ಅಲ್ವೇ? ಮುಗಿಯಲಿಲ್ಲ. ಇನ್ನೂ 18 ವರ್ಷ ಬಸುರಿಯರು ಅದನ್ನು ನುಂಗಿದರು. 1971ರಲ್ಲಿ ಬಾಸ್ಟನ್ನಿನ ವೈದ್ಯರು ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಕ್ಯಾನ್ಸರ್ ಕಂಡರು. ಆಮೇಲೆಯೇ ಸರ್ಕಾರ ಬಸುರಿಯರಿಗೆ ಕೊಡಬೇಡಿ ಅಂದಿದ್ದು. 1977ರಲ್ಲಿ ಇನ್ನೊಂದು ಬಯಲಾಯ್ತು: ಈ ಹೆಣ್ಣುಮಕ್ಕಳಲ್ಲಿ ಹಲವರ ಗರ್ಭಕೋಶ ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿತ್ತು.

ಚಿಕಾಗೋದ ಪ್ರಯೋಗದಲ್ಲಿದ್ದ ತಾಯಂದಿರಿಗೆ 1975-76ರಲ್ಲಿ ವಿಶ್ವವಿದ್ಯಾಲಯದಿಂದ ಕಾಗದ ಬಂತು. ತಾವು ಪ್ರಯೋಗದಲ್ಲಿದ್ದೆವು ಅಂತ ನಮಗೆ ಯಾರೂ ಹೇಳಿರಲೇ ಇಲ್ಲ ಅಂತ ಕೆಲವರು ಕೋರ್ಟಿಗೆ ಹೋದರು. 1978ರಲ್ಲಿ ಫೆಡರಲ್ ಕೋರ್ಟು ಮೊಕದ್ದಮೆ ಮುಂದುವರಿಯಲಿ ಅಂದಿತು.

ಡೆಟ್ರಾಯಿಟಿನ ಕೋರ್ಟಿಗೆ ಹೋದ ಮಿಷಿಗನ್ನಿನ ಹೆಣ್ಣುಮಕ್ಕಳದು ಬೇರೆ ಕಷ್ಟ. ಅಮ್ಮ ನುಂಗಿದ್ದು ಯಾವ ಕಂಪನಿಯ ಗುಳಿಗೆ? ಹಲವರಿಗೆ ಅದನ್ನು ತೋರಿಸೋಕೆ ಒಂದು ಚೀಟಿಯೂ ಇರಲಿಲ್ಲ. 1984ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ತಯಾರಕರೆಲ್ಲ ಎದುರಿಗಿದ್ದರೆ 'ನಮ್ಮದಲ್ಲ' ಅಂತ ತೋರಿಸೋದು ಕಂಪನಿಗಳ ಕೆಲಸ ಅಂದಿತು.

ಚಿಕಾಗೋದ ಆ ಮಕ್ಕಳೂ ಸೇರಿದ್ದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯ್ತು. ದಿನ ತುಂಬದ ಹೆರಿಗೆ ಡಿಇಎಸ್ ಹೆಣ್ಣುಮಕ್ಕಳಲ್ಲಿ ನೂರಕ್ಕೆ 53, ಉಳಿದವರಲ್ಲಿ 18.

ಆ ಹೆಣ್ಣುಮಕ್ಕಳೆಲ್ಲ ಈಗ ಐವತ್ತು ದಾಟಿದವರು. ಅವರ ಕಥೆ ಓದಿದ ಮೇಲೆ ನಾನು ಮಾಡಿದ್ದು ಒಂದೇ ಕೆಲಸ. ಮಗಳ ಬಸಿರಿನಲ್ಲಿ ಹೆಂಡತಿ ನುಂಗಿದ ಔಷಧಿಗಳ ಚೀಟಿಗಳನ್ನೆಲ್ಲ ಹುಡುಕಿ, ಮಗಳ ಹೆಸರಿನ ಫೈಲಿಗೆ ಸೇರಿಸಿದೆ. ನಿಮ್ಮ ಮನೆಯಲ್ಲೂ ಇದ್ದರೆ ಎಸೆಯಬೇಡಿ.