ಓಪನ್‌ಸಿವಿ

ಓಪನ್‌ಸಿವಿ : ಚಿತ್ರ ಮತ್ತು ವಿಡಿಯೊಗಳಲ್ಲಿರುವ ಆಕಾರ, ಚಲನೆ, ಮುಖ, ಬರಹ ಮುಂತಾದವನ್ನು ಗುರುತಿಸುವ ಆ್ಯಪ್‌ಗಳನ್ನು ಕಟ್ಟಲು ಬಳಸುವ ಮುಕ್ತ ತಂತ್ರಾಂಶ ಲೈಬ್ರರಿ. ಕಂಪ್ಯೂಟರ್ ವಿಷನ್ ಅಥವಾ ಗಣಕದೃಷ್ಟಿ ಎಂಬ ಶಾಖೆಯಲ್ಲಿ ಇದು ಅತಿ ಹೆಚ್ಚು ಬಳಕೆಯಲ್ಲಿರುವ ಸಾಧನಗಳಲ್ಲೊಂದು. ಸಿ++ ಭಾಷೆಯಲ್ಲಿ ಬರೆದಿರುವ ಇದನ್ನು ಪೈಥಾನ್ ಮತ್ತು ಜಾವಾಗಳಿಂದಲೂ ಬಳಸಬಹುದು. ವಿಂಡೋಸ್, ಲಿನಕ್ಸ್, ಮ್ಯಾಕ್‌ಓಎಸ್, ಆಂಡ್ರಾಯ್ಡ್, ಐಓಎಸ್‌ಗಳಲ್ಲಿ ಓಡುವುದರಿಂದ ಗಣಕದೃಷ್ಟಿಯ ಬಹುವೇದಿಕೆ ಆ್ಯಪ್‌ಗಳ ಕಲಿಕೆ ಸಾಮಾನ್ಯವಾಗಿ ಇದರಿಂದ ಶುರುವಾಗುತ್ತದೆ.

ಇತಿಹಾಸ

1999ರಲ್ಲಿ ಇಂಟೆಲ್ ಕಂಪನಿಯ ಸಂಶೋಧನಾ ವಿಭಾಗದಲ್ಲಿ ಗ್ಯಾರಿ ಬ್ರಾಡ್‌ಸ್ಕಿ ಈ ಯೋಜನೆ ಆರಂಭಿಸಿದರು. ಒಂದೇ ಬಗೆಯ ಮೂಲ ಕೋಡನ್ನು ಪ್ರತಿ ಪ್ರಯೋಗಾಲಯವೂ ಹೊಸದಾಗಿ ಬರೆಯುವ ಶ್ರಮ ತಪ್ಪಲಿ ಎಂಬುದು ಉದ್ದೇಶವಾಗಿತ್ತು. ಇಂಟೆಲ್‌ನ ರಷ್ಯಾ ತಂಡವನ್ನು ವಾದಿಮ್ ಪಿಸರೆವ್‌ಸ್ಕಿ ಮುನ್ನಡೆಸಿದರು. ಮೊದಲ ಪ್ರಾಯೋಗಿಕ ಆವೃತ್ತಿ 2000ದಲ್ಲೂ 1.0 ಆವೃತ್ತಿ 2006ರಲ್ಲೂ ಹೊರಬಂದವು. 2005ರಲ್ಲಿ ಅಮೆರಿಕದ ಮರುಭೂಮಿಯಲ್ಲಿ ನಡೆದ ಚಾಲಕರಹಿತ ವಾಹನಗಳ ಸ್ಪರ್ಧೆಯನ್ನು (ಅಲ್ಲಿನ ರಕ್ಷಣಾ ಸಂಶೋಧನಾ ಸಂಸ್ಥೆ ದಾರ್ಪಾ ಏರ್ಪಡಿಸಿದ್ದು) ಗೆದ್ದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ‘ಸ್ಟ್ಯಾನ್ಲಿ’ ಕಾರಿನಲ್ಲಿ ಈ ಲೈಬ್ರರಿ ಬಳಕೆಯಾಗಿತ್ತು. 2009ರ 2.0 ಆವೃತ್ತಿ ಸಿ++ ಶೈಲಿಗೆ ಹೊರಳಿತು. 2018ರಲ್ಲಿ 4.0 ಬಂತು. 2020ರ 4.5.0 ಆವೃತ್ತಿಯಿಂದ ಇದು ಅಪಾಚೆ 2 ಪರವಾನಗಿಯಲ್ಲಿದ್ದು, ವಾಣಿಜ್ಯ ಬಳಕೆಗೂ ಅವಕಾಶವಿದೆ.

ಚಿತ್ರದ ರಚನೆ

ಓಪನ್‌ಸಿವಿಯಲ್ಲಿ ಚಿತ್ರವೆಂದರೆ ಅಂಕಿಗಳ ಕೋಷ್ಟಕ; ಇದಕ್ಕೆ ‘ಮ್ಯಾಟ್’ ಎಂದು ಹೆಸರು. 640 ಕಾಲಂ, 480 ಸಾಲುಗಳ ಬಣ್ಣದ ಚಿತ್ರದಲ್ಲಿ ಪ್ರತಿ ಪಿಕ್ಸೆಲ್‌ಗೆ ಮೂರು ಬೈಟ್‌ಗಳಂತೆ 9,21,600 ಬೈಟ್‌ಗಳಿರುತ್ತವೆ. ಆ ಮೂರು ಬೈಟ್‌ಗಳ ಕ್ರಮ ನೀಲಿ, ಹಸಿರು, ಕೆಂಪು. ಪರದೆಗೆ ಚಿತ್ರ ಮೂಡಿಸುವ ಅನೇಕ ಲೈಬ್ರರಿಗಳು ಕೆಂಪು, ಹಸಿರು, ನೀಲಿ ಎಂಬ ಕ್ರಮವನ್ನು ನಿರೀಕ್ಷಿಸುತ್ತವೆ. ಕ್ರಮ ಬದಲಿಸದೆ ಕಳಿಸಿದರೆ ಕೆಂಪು ಟೊಮೆಟೊ ನೀಲಿಯಾಗಿ ಕಾಣುತ್ತದೆ.

ವೇದಿಕೆಗಳ ವ್ಯತ್ಯಾಸ

ಅಂಚು ಹುಡುಕುವ, ಬಣ್ಣ ಬೇರ್ಪಡಿಸುವ ಲೆಕ್ಕಾಚಾರಗಳು ಎಲ್ಲ ವೇದಿಕೆಗಳಲ್ಲೂ ಒಂದೇ. ತೊಡಕಿರುವುದು ಚಿತ್ರ ಒಳಬರುವ ಮತ್ತು ಹೊರಹೋಗುವ ಜಾಗಗಳಲ್ಲಿ. ಕ್ಯಾಮೆರಾ ತೆರೆಯಲು ಲಿನಕ್ಸ್‌ನಲ್ಲಿ ವಿಡಿಯೊ ಫಾರ್ ಲಿನಕ್ಸ್, ವಿಂಡೋಸ್‌ನಲ್ಲಿ ಡೈರೆಕ್ಟ್‌ಶೋ ಇಲ್ಲವೇ ಮೀಡಿಯಾ ಫೌಂಡೇಶನ್, ಆ್ಯಪಲ್ ಸಾಧನಗಳಲ್ಲಿ ಎವಿ ಫೌಂಡೇಶನ್ ಬಳಕೆಯಾಗುತ್ತವೆ. ಮೊಬೈಲ್‌ಗಳಲ್ಲಿ ಬಳಕೆದಾರರ ಅನುಮತಿ ಬೇಕು. ಫೋನ್ ಹಿಡಿದ ಭಂಗಿಗೆ ತಕ್ಕಂತೆ ಚಿತ್ರವನ್ನು ತಿರುಗಿಸಿಕೊಳ್ಳಬೇಕು. ಆದ್ದರಿಂದ ಲೆಕ್ಕಾಚಾರದ ಕೋಡನ್ನು ಕ್ಯಾಮೆರಾ ಮತ್ತು ಪರದೆಯ ಕೋಡಿನಿಂದ ಬೇರೆಯಾಗಿಡುವುದು ಈ ಕ್ಷೇತ್ರದ ಮೊದಲ ನಿಯಮ. ಕಿಟಕಿ, ಬಟನ್, ಮೆನುಗಳಿಗೆ ಕ್ಯೂಟಿಯನ್ನೂ ಎಲ್ಲ ವೇದಿಕೆಗಳಿಗೆ ಬಿಲ್ಡ್ ಮಾಡಲು ಸಿಮೇಕ್ ಸಾಧನವನ್ನೂ ಜೊತೆಗೆ ಬಳಸುವ ರೂಢಿಯಿದೆ.

ಅಭ್ಯಾಸದ ಪ್ರಾಜೆಕ್ಟ್‌ಗಳು

ಮೊದಲ ಪ್ರಾಜೆಕ್ಟ್ ಸಾಮಾನ್ಯವಾಗಿ ಕ್ಯಾಮೆರಾ ದೃಶ್ಯವನ್ನು ಕಪ್ಪುಬಿಳುಪು ಮಾಡಿ, ಜಾನ್ ಕ್ಯಾನಿ 1986ರಲ್ಲಿ ಪ್ರಕಟಿಸಿದ ವಿಧಾನದಿಂದ ವಸ್ತುಗಳ ಅಂಚನ್ನು ತೋರಿಸುವುದು. ಸೆಕೆಂಡಿಗೆ 30 ಫ್ರೇಮ್ ಬರುವಾಗ ಒಂದೊಂದಕ್ಕೆ ಸಿಗುವ ಸಮಯ ಸುಮಾರು 33 ಮಿಲಿಸೆಕೆಂಡ್. ಈ ಕೆಲಸವನ್ನು ಪರದೆ ನಿಭಾಯಿಸುವ ಥ್ರೆಡ್‌ನಲ್ಲೇ (ಆ್ಯಪ್‌ನೊಳಗಿನ ಕೆಲಸದ ಎಳೆಯಲ್ಲೇ) ಮಾಡಿದರೆ ಬಟನ್‌ಗಳು ಒತ್ತಿದರೂ ಸ್ಪಂದಿಸದಿರಬಹುದು. ಬೇರೆ ಥ್ರೆಡ್ ಬೇಕಾಗುತ್ತದೆ. ಆಗ ಎದುರಾಗುವ ಇನ್ನೊಂದು ತೊಡಕು ಮೆಮೊರಿಯದು. ಓಪನ್‌ಸಿವಿಯ ಬೈಟ್‌ಗಳನ್ನು ನೇರವಾಗಿ ಕ್ಯೂಟಿಯ ಚಿತ್ರಕ್ಕೆ ಕೊಟ್ಟರೆ ಅದು ನಕಲು ಮಾಡಿಕೊಳ್ಳದೆ ಅದೇ ಮೆಮೊರಿಯನ್ನು ನೋಡುತ್ತಿರುತ್ತದೆ. ಅಷ್ಟರಲ್ಲಿ ಮುಂದಿನ ಫ್ರೇಮ್ ಬಂದು ಅಲ್ಲೇ ಕೂತರೆ ಪರದೆಯ ಮೇಲೆ ಅರ್ಧ ಹಳೆಯದು, ಅರ್ಧ ಹೊಸದು ಕಾಣಬಹುದು.

ಎರಡನೆಯದು ಚಲನೆ ಪತ್ತೆ. ಒಂದರ ಹಿಂದೊಂದು ಬಂದ ಎರಡು ಫ್ರೇಮ್‌ಗಳಲ್ಲಿ ಒಂದರಿಂದ ಇನ್ನೊಂದನ್ನು ಕಳೆದು, ಉಳಿದ ವ್ಯತ್ಯಾಸ ಗೊತ್ತುಪಡಿಸಿದ ಮಿತಿ ದಾಟಿದರೆ ಏನೋ ಚಲಿಸಿತು ಎಂದರ್ಥ. ಗಾಳಿಗೆ ಆಡುವ ಎಲೆ, ಮೋಡ ಸರಿದಾಗ ಬದಲಾಗುವ ಬೆಳಕು ಕೂಡ ಈ ವಿಧಾನಕ್ಕೆ ಚಲನೆಯೇ. ಮೂರನೆಯದು ಮುಖ ಪತ್ತೆ. ಪಾಲ್ ವಯೋಲಾ ಮತ್ತು ಮೈಕೆಲ್ ಜೋನ್ಸ್ 2001ರಲ್ಲಿ ಮಂಡಿಸಿದ ವಿಧಾನ ಕಣ್ಣಿನ ಭಾಗ ಕೆನ್ನೆಗಿಂತ ಕಪ್ಪಾಗಿರುವಂಥ ಸರಳ ಬೆಳಕು–ನೆರಳಿನ ವ್ಯತ್ಯಾಸಗಳನ್ನು ಹಂತಹಂತವಾಗಿ ಪರೀಕ್ಷಿಸುತ್ತದೆ. ಮುಖವಲ್ಲದ ಭಾಗಗಳನ್ನು ಆರಂಭದ ಹಂತಗಳಲ್ಲೇ ಕೈಬಿಡುವುದರಿಂದ ಇದು ವೇಗವಾಗಿ ನಡೆಯುತ್ತದೆ. ಓರೆಯಾದ ಮುಖಗಳಲ್ಲಿ ಇದು ಸೋಲುವುದುಂಟು. ಅಲ್ಲಿ ಡೀಪ್ ಲರ್ನಿಂಗ್ ಮಾದರಿಗಳು ಮೇಲು.

ಕನ್ನಡ ಬರಹದ ಗುರುತಿಸುವಿಕೆ

ಮುದ್ರಿತ ಕನ್ನಡ ಪುಟವನ್ನು ಪಠ್ಯವಾಗಿಸುವ ಪ್ರಾಜೆಕ್ಟ್‌ನಲ್ಲಿ ಓಪನ್‌ಸಿವಿ ಪುಟವನ್ನು ಅಣಿಗೊಳಿಸುತ್ತದೆ. ಅಕ್ಷರ ಓದುವ ಕೆಲಸ ಟೆಸೆರಾಕ್ಟ್ ತಂತ್ರಾಂಶದ್ದು. ಎಚ್‌ಪಿ ಕಂಪನಿ ಅಭಿವೃದ್ಧಿಪಡಿಸಿ 2005ರಲ್ಲಿ ಮುಕ್ತಗೊಳಿಸಿದ ಟೆಸೆರಾಕ್ಟ್‌ಗೆ ಈಗ ಕನ್ನಡದ ತರಬೇತಿ ಕಡತವೂ ಲಭ್ಯ. ಓರೆಯಾದ ಪುಟವನ್ನು ನೇರಗೊಳಿಸಿ, ಓತ್ಸು ವಿಧಾನದಿಂದ ಅಕ್ಷರವನ್ನು ಹಿನ್ನೆಲೆಯಿಂದ ಬೇರ್ಪಡಿಸಲಾಗುತ್ತದೆ. ಕನ್ನಡಕ್ಕೆ ಇಲ್ಲಿ ವಿಶೇಷ ಎಚ್ಚರ ಬೇಕು. ಚುಕ್ಕೆ, ಕಲೆಗಳನ್ನು ಅಳಿಸುವ ಹಂತ ಅತಿಯಾದರೆ ಮಹಾಪ್ರಾಣ ಅಕ್ಷರದ ಕೆಳಗಿನ ಸಣ್ಣ ಗೆರೆಯೂ ಅಳಿಸಿ ‘ಧನ’ವು ‘ದನ’ವಾಗುತ್ತದೆ. ಸಾಲುಗಳನ್ನು ಬಿಗಿಯಾಗಿ ಕತ್ತರಿಸಿದರೆ ಒತ್ತಕ್ಷರಗಳು ಮೇಲಿನ ಸಾಲಿನಿಂದ ಕಳಚಿ ಕೆಳಗಿನ ಸಾಲಿಗೆ ಸೇರುತ್ತವೆ.

ಪರೀಕ್ಷೆ

ಒಂದೇ ಚಿತ್ರವನ್ನು ಎಲ್ಲ ವೇದಿಕೆಗಳಲ್ಲೂ ಓಡಿಸಿ ಫಲಿತಾಂಶ ಹೋಲಿಸಬೇಕು. ಜೆಪೆಗ್ ಕಡತವನ್ನು ತೆರೆಯುವ ಕೋಡ್ ಒಂದೊಂದು ವ್ಯವಸ್ಥೆಯಲ್ಲಿ ಒಂದೊಂದಾಗಿರಬಹುದಾದ್ದರಿಂದ ಪಿಕ್ಸೆಲ್ ಮೌಲ್ಯಗಳಲ್ಲಿ ಅಲ್ಪ ವ್ಯತ್ಯಾಸ ಬರಬಹುದು. ಹಾಗಾಗಿ ಪರೀಕ್ಷೆಗೆ ಮಾಹಿತಿ ನಷ್ಟವಿಲ್ಲದ ಪಿಎನ್‌ಜಿ ಕಡತ ಸೂಕ್ತ. ಪರೀಕ್ಷೆಗೆಂದು ಮುಖಗಳಿರುವ ಚಿತ್ರಗಳನ್ನು ಸಂಬಂಧಪಟ್ಟವರ ಒಪ್ಪಿಗೆಯಿಲ್ಲದೆ ಸಂಗ್ರಹಿಸಬಾರದು. ಬರೆದವರ ಕಂಪ್ಯೂಟರಿನಲ್ಲಿ ಸರಿಯಾಗಿ ನಡೆಯಿತೆಂಬ ಕಾರಣಕ್ಕೆ ಯಾವ ಆ್ಯಪ್ ಅನ್ನೂ ಬಹುವೇದಿಕೆಯದು ಎನ್ನಲಾಗದು. ಉದ್ದೇಶಿಸಿದ ಪ್ರತಿ ವೇದಿಕೆಯಲ್ಲೂ ನಿಜವಾದ ಸಾಧನ, ನಿಜವಾದ ಕ್ಯಾಮೆರಾದೊಂದಿಗೆ ಅದು ನಡೆಯಬೇಕು.